ಇಬ್ಬರು ಮಂಜುಳಾ, ಎರಡು ಟೇಬಲ್

ಇವತ್ತು ಡೇಟಾಬೇಸ್ ಬಗ್ಗೆ ಮಾತಾಡೋಣ. ಸ್ಕಿಪ್ ಮಾಡ್ಬೇಡಿ, ನಾನೂ ಓದಿದ್ದು ಬಿ.ಕಾಂ., ಇಂಜಿನಿಯರಿಂಗ್ ಅಲ್ಲ. ನೀವು ಇದನ್ನ ಕೇಳ್ತಿರೋ ಫೋನ್ ಒಳಗೂ ಡೇಟಾಬೇಸ್ ಇದೆ. ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಎರಡರಲ್ಲೂ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಎಂಜಿನ್ ಇರುತ್ತೆ.

ಊರಿನ ಹಾಲಿನ ಡೈರಿ ನೆನಪಿಸಿಕೊಳ್ಳಿ. ಬೆಳಿಗ್ಗೆ, ಸಂಜೆ ಹಾಲು. ಅಂದ್ರೆ ಒಬ್ಬರಿಗೇ ತಿಂಗಳಿಗೆ 60 ಸಾಲು. ಪ್ರತಿ ಸಾಲಲ್ಲೂ ಹೆಸರು, ಬ್ಯಾಂಕ್ ಖಾತೆ, ಲೀಟರ್ ಎಲ್ಲಾ ಬರೆದ್ವಿ ಅಂದ್ಕೊಳ್ಳಿ. ಮಂಜುಳಾ ಖಾತೆ ಬದಲಾಯಿಸಿದ್ರೆ 60 ಕಡೆ ತಿದ್ದಬೇಕು. ಊರಲ್ಲಿ ಇಬ್ಬರು ಮಂಜುಳಾ ಇದ್ರೆ? ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗಬಹುದು. ಆ ದುಡ್ಡು ಮಗಳ ಸ್ಕೂಲ್ ಫೀಸ್ ಆಗಿರಬಹುದು.

ಇಂಥ ತೊಡಕಿಗೆ ದಾರಿ ತೋರಿಸಿದ್ದು ಎಡ್ಗರ್ ಕಾಡ್. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಐಬಿಎಂ ಸಂಶೋಧಕರಾಗಿದ್ದ ಇವರು 1970ರಲ್ಲಿ ಒಂದು ಪ್ರಬಂಧ ಬರೆದರು. ಮಾಹಿತಿಯನ್ನ ಟೇಬಲ್‌ಗಳಲ್ಲಿಡಿ, ಒಂದಕ್ಕೊಂದು ಸಂಬಂಧವನ್ನ ಅದರೊಳಗಿನ ಮೌಲ್ಯಗಳಿಂದಲೇ ತೋರಿಸಿ ಅನ್ನೋದು ಅದರ ಸಾರ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಈಗ ನಮ್ಮ ಡೈರಿಗೆ ಬನ್ನಿ. ಒಂದು ಟೇಬಲ್ ಸದಸ್ಯರದ್ದು: ಸದಸ್ಯರ ನಂಬರ್, ಹೆಸರು, ಖಾತೆ. ಒಬ್ಬರಿಗೆ ಒಂದೇ ಸಾಲು. ಆ ನಂಬರೇ ಪ್ರೈಮರಿ ಕೀ. ಅದು ಇಬ್ಬರಿಗೆ ಒಂದೇ ಇರೋಹಾಗಿಲ್ಲ. ಎರಡನೇ ಟೇಬಲ್ ಹಾಲಿನದ್ದು: ದಿನಾಂಕ, ಹೊತ್ತು, ಲೀಟರ್, ಸದಸ್ಯರ ನಂಬರ್. ಇಲ್ಲಿ ಅದೇ ನಂಬರ್ ಫಾರಿನ್ ಕೀ. ಇಲ್ಲದ ಸದಸ್ಯರ ಹೆಸರಲ್ಲಿ ಹಾಲು ಬರೆಯೋಕೆ ಹೋದ್ರೆ ಡೇಟಾಬೇಸ್ ಒಪ್ಪಲ್ಲ. ಬಿಲ್ ಬೇಕಾದಾಗ ಎರಡೂ ಟೇಬಲ್ ಸೇರಿಸ್ತೀವಿ. ಅದೇ ಜಾಯಿನ್. ಖಾತೆ ಬದಲಾಯ್ತಾ? ಒಂದೇ ಕಡೆ ತಿದ್ದಿದ್ರೆ ಸಾಕು.

ಕಾಮರ್ಸ್‌ನವರಿಗೆ ಇನ್ನೊಂದು ಸುಲಭ: ಟ್ರಾನ್ಸಾಕ್ಷನ್. ಡೆಬಿಟ್ ಬರೆದು ಕ್ರೆಡಿಟ್ ಬಿಟ್ರೆ ಲೆಕ್ಕ ಕೂಡಲ್ಲ, ಅಲ್ವಾ? ಹಾಗೇ ಡೈರಿ ಖಾತೆಯಿಂದ ದುಡ್ಡು ಕಳೆದು, ಮಂಜುಳಾ ಖಾತೆಗೆ ಸೇರಿಸೋದರೊಳಗೆ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಟ್ಟಿದ್ರೆ ಮೊದಲನೆಯದೂ ರದ್ದಾಗುತ್ತೆ. ಆದ್ರೆ ಎರಡೂ ಆಗಬೇಕು, ಇಲ್ಲಾಂದ್ರೆ ಯಾವುದೂ ಆಗಬಾರದು.

ಕಲಿಯೋಕೆ ದುಡ್ಡು ಬೇಕಿಲ್ಲ. ಎಸ್‌ಕ್ಯೂಲೈಟ್ ಉಚಿತ. ಮೊದಲು ಪೇಪರ್ ಮೇಲೆ ಎರಡು ಟೇಬಲ್ ಗೀಚಿ, ಆಮೇಲೆ ಟೈಪ್ ಮಾಡಿ. ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಈ ನಾಲ್ಕರಿಂದ ಶುರು ಮಾಡಿ. ಎರಡು ಎಚ್ಚರಿಕೆ. ಅಪ್‌ಡೇಟ್ ಕಮಾಂಡ್‌ಗೆ ವೇರ್ ಅಂತ ಷರತ್ತು ಹಾಕದಿದ್ರೆ ಟೇಬಲ್‌ನ ಎಲ್ಲಾ ಸಾಲೂ ಬದಲಾಗುತ್ತೆ. ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಇರುತ್ತೆ, ಪ್ರತಿ ಸಲ ಕನೆಕ್ಟ್ ಆದಾಗ ಆನ್ ಮಾಡ್ಕೊಳ್ಳಿ.

ಈ ವಾರದ ಹೋಮ್‌ವರ್ಕ್: ನಿಮ್ಮ ಮನೆಯ ಅಂಗಡಿ, ಸಂಘ, ಚೀಟಿ, ಯಾವುದಾದ್ರೂ ಒಂದು ಲೆಕ್ಕದ ಪುಸ್ತಕ ತೆಗೀರಿ. ಒಂದೇ ಮಾಹಿತಿ ಎಷ್ಟು ಕಡೆ ಬರೆದಿದೆ ಅಂತ ಎಣಿಸಿ. ಅಲ್ಲಿಂದ್ಲೇ ನಿಮ್ಮ ಮೊದಲ ಟೇಬಲ್ ಹುಟ್ಟುತ್ತೆ. ಮುಂದಿನ ವಾರ ಸಿಗೋಣ.