ಬೀದರ ಸೀಮೆಯ ಮಾತಿನಲ್ಲಿ ಪದಗಳ ಕ್ರಮ



ಒಂದು ಭಾಷೆಯು ಇನ್ನೊಂದರಿಂದ ಶಬ್ದಗಳನ್ನು ಎರವಲು ಪಡೆಯುವುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಶಬ್ದಗಳನ್ನು ಜೋಡಿಸುವ ಕ್ರಮವೂ ನೆರೆಹೊರೆಯಿಂದ ಬರಬಲ್ಲದೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಇದನ್ನು ಕಾಣಬೇಕಾದರೆ ಬೀದರ ಸೀಮೆಗೆ ಹೋಗಬೇಕು. ಜನವಾಡ, ಭಾಲ್ಕಿ, ಔರಾದಗಳ ಸುತ್ತಮುತ್ತ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದುಗಳು ಒಟ್ಟಿಗೆ ಬಾಳುತ್ತಿವೆ.

‘ನಾನು ನಾಳೆ ಬೀದರಿಗೆ ಹೋಗುತ್ತೇನೆ’ ಎನ್ನುವುದನ್ನು ಮರಾಠಿಯವರು ‘ಮೀ ಉದ್ಯಾ ಬೀದರಲಾ ಜಾಣಾರ್’ ಎನ್ನುತ್ತಾರೆ. ದಖನಿಯವರು ‘ಮೈಂ ಕಲ್ ಬೀದರ್‌ಕೂ ಜಾತೂಂ’ ಎನ್ನುತ್ತಾರೆ. ಶಬ್ದಗಳು ಬೇರೆ, ಸಾಲು ಒಂದೇ, ಕ್ರಿಯಾಪದ ಕಡೆಯಲ್ಲಿ. ಇಷ್ಟರಿಂದ ಆಶ್ಚರ್ಯಪಡಬೇಕಾದುದಿಲ್ಲ. ದೂರದ ಗಂಗಾತೀರದ ಭೋಜಪುರಿಯಲ್ಲಿಯೂ ‘ಹಮ್ ಭಾತ್ ಖಾತ್ ಬಾನೀ’, ಎಂದರೆ ‘ನಾನು ಅನ್ನ ಉಣ್ಣುತ್ತಿದ್ದೇನೆ’, ಎಂದು ಕ್ರಿಯೆಯೇ ಕಡೆಗೆ ಬರುತ್ತದೆ.

ಒಂದು ಮಾತಿನೊಳಗೆ ಇನ್ನೊಂದು ಮಾತನ್ನು ಅಡಕಮಾಡುವಾಗ ಭೇದವು ತೋರುತ್ತದೆ. ಭೋಜಪುರಿಯವರು ‘ಊ ಕಹಲನ್ ಕಿ ಹಮ್ ಕಾಲ್ಹ್ ಆಯಿಬ್’ ಎನ್ನುತ್ತಾರೆ. ‘ಹೇಳಿದನು’ ಎಂಬುದು ಮೊದಲು, ಹೇಳಿದ ಮಾತು ಆಮೇಲೆ. ಉತ್ತರದ ಉರ್ದುವಿನ ರೂಢಿಯೂ ಇದೇ. ನಮ್ಮಲ್ಲಿ ‘ನಾಳೆ ಬರುತ್ತೇನೆ ಎಂದು ಹೇಳಿದನು’. ದಖನಿಯವರು ಉರ್ದುವಿನ ಬಳಗದವರಾದರೂ ‘ಕಲ್ ಆತೂಂ ಬೋಲ್‌ಕೆ ಬೋಲಾ’ ಎನ್ನುತ್ತಾರೆ. ನಮ್ಮ ‘ಎಂದು’ ಹುಟ್ಟಿದ್ದು ‘ಎನ್’ ಧಾತುವಿನಿಂದ. ‘ಬೋಲ್‌ಕೆ’ ಎಂಬುದರ ಅರ್ಥವೂ ‘ಎಂದು’ ಎಂದೇ. ಮರಾಠಿಯ ‘ಮ್ಹಣೂನ್’ ಕೂಡ ಅದೇ ಸ್ಥಾನದಲ್ಲಿ ಅದೇ ಕೆಲಸವನ್ನು ಮಾಡುತ್ತದೆ.

ಈ ವ್ಯವಹಾರದಲ್ಲಿ ಕನ್ನಡವು ಕೊಟ್ಟದ್ದು ಮಾತ್ರವಲ್ಲ, ಪಡೆದದ್ದೂ ಉಂಟು. ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮದ ಮಾತನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ‘ಇದು ನಿಮ್ಮ ಮನೆ’ ಎಂಬಂಥ ವಾಕ್ಯಕ್ಕೆ ನಮಗೆ ಕ್ರಿಯಾಪದ ಬೇಡ; ಮರಾಠಿ, ಉರ್ದುಗಳಿಗೆ ಬೇಕು. ಕುಪವಾಡದ ಕನ್ನಡವು ಅವುಗಳಂತೆಯೇ ಕೊನೆಯಲ್ಲಿ ‘ಇದೆ’ ಎಂಬರ್ಥದ ಪದವನ್ನು ಸೇರಿಸಿಕೊಂಡಿತ್ತು. ಜನರು ಮನೆಮಾತಿನ ಶಬ್ದಗಳನ್ನು ಬಿಟ್ಟುಕೊಡದೆ ವಾಕ್ಯದ ಕಟ್ಟನ್ನು ಹಂಚಿಕೊಂಡಿದ್ದರು.

ಇಂಥ ಮಾತನ್ನು ಕೇಳಿದ ಪಟ್ಟಣಿಗರು ‘ಕೆಟ್ಟ ಉರ್ದು’, ‘ಕಲಬೆರಕೆ ಕನ್ನಡ’ ಎಂದು ನಗುವುದುಂಟು. ಅದು ನ್ಯಾಯವಲ್ಲ. ಬಹಮನಿ ಅರಸರು 15ನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಅವರ ಆಳ್ವಿಕೆಯಲ್ಲಿಯೇ ನಿಜಾಮಿ ಎಂಬ ಕವಿಯು ದಖನಿಯಲ್ಲಿ ‘ಕದಮ್ ರಾವ್ ಪದಮ್ ರಾವ್’ ಕಾವ್ಯವನ್ನು ರಚಿಸಿದನು. ಅಷ್ಟು ಹಳೆಯ ನುಡಿಯನ್ನು ಅಪಭ್ರಷ್ಟವೆಂದು ತಳ್ಳಿಹಾಕುವುದು ಹೇಗೆ?

1956ರಲ್ಲಿ ಬೀದರ ಜಿಲ್ಲೆಯನ್ನು ಭಾಷೆಯ ಆಧಾರದಿಂದ ವಿಭಾಗಿಸಿದಾಗ ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೂ ಸೇರಿದವು. ಗಡಿಯ ಎರಡು ಕಡೆಗಳಲ್ಲಿಯೂ ‘ಎಂದು’, ‘ಮ್ಹಣೂನ್’, ‘ಬೋಲ್‌ಕೆ’ ಇಂದಿಗೂ ಒಂದೇ ಸ್ಥಾನದಲ್ಲಿ ನಿಲ್ಲುತ್ತವೆ. ಶಾಲೆಯಲ್ಲಿ ಗ್ರಂಥಭಾಷೆಯನ್ನು ಕಲಿಸುವುದು ಅಗತ್ಯವೇ ಸರಿ. ಆದರೆ ಗಡಿಯ ಮಗುವಿನ ಮಾತನ್ನು ತಪ್ಪೆಂದು ತಿದ್ದುವ ಮುನ್ನ ಅದರ ನಿಯಮವೇನೆಂದು ಉಪಾಧ್ಯಾಯರು ಕೇಳಿಕೊಳ್ಳಲಿ. ನಿಯಮವನ್ನು ಅರಿತವರು ಮಗುವನ್ನು ನಾಚಿಸದೆ ಎರಡನ್ನೂ ಕಲಿಸಬಲ್ಲರು.