ಗೋಡೆಯಲ್ಲಿ ಉಳಿದ ತೂತು

(ಜತ್ತ ತಾಲೂಕಿನ ಗೌಂಡಿ ಹಾಗೂ ಪೈಪ್ ಕೆಲಸದ ಬಾಂಧವರ ಕೂಟದಲ್ಲಿ ಮಾಡಿದ ಭಾಷಣ)



ಮಳೆ ಕೈಕೊಟ್ಟ ವರ್ಷ ನಮ್ಮ ಉಮದಿ, ಸಂಖ ಕಡೆಯವರು ಪುಣೆ, ಮುಂಬಯಿಗೆ ಕಟ್ಟಡ ಕೆಲಸಕ್ಕೆ ಹೋಗುವುದು ಹೊಸದಲ್ಲ. ಅಲ್ಲಿನ ಎತ್ತರದ ಮನೆಗಳಿಗೆ ಅಡುಗೆ ಗ್ಯಾಸು ಪೈಪಿನಲ್ಲೇ ಬರುತ್ತದೆ. ದೊಡ್ಡ ಹೋಟೆಲು, ವಸತಿಗೃಹಗಳಲ್ಲಿ ಸಿಲಿಂಡರುಗಳನ್ನು ಹೊರಗಿಟ್ಟು ಪೈಪನ್ನು ಒಳಕ್ಕೆ ಎಳೆಯುವುದೂ ಉಂಟು. ಪೈಪು ಹೋಗಬೇಕಾದರೆ ಗೋಡೆ ಒಡೆಯಬೇಕು. ಒಡೆಯುವವನು ಫಿಟ್ಟರ್. ಮುಚ್ಚುವವನು ಯಾರು? ಫಿಟ್ಟರ್ "ಅದು ಗೌಂಡಿಯ ಕೆಲಸ" ಅನ್ನುತ್ತಾನೆ. ಗೌಂಡಿ "ನನ್ನ ಕೆಲಸ ಮೊನ್ನೆಯೇ ಮುಗಿಯಿತು" ಅನ್ನುತ್ತಾನೆ. ಕಡೆಗೆ ಬಣ್ಣದವನು ಸಿಮೆಂಟ್ ಚೀಲದ ಕಾಗದ ತುರುಕಿ ಮೇಲೆ ಬಣ್ಣ ಬಳಿಯುತ್ತಾನೆ. ನೋಡಲು ಚೆಂದ!

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಸತ್ತರು. ಅಲ್ಲಿ ಹೊತ್ತಿದ್ದು ಗ್ಯಾಸಲ್ಲ, ವಿದ್ಯುತ್ ತಂತಿ. ತಂತಿಗಳು ಮೇಲೇರುವ ಶಾಫ್ಟಿನಿಂದ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರು ಕಟ್ಟಿದವರು ಕಿಟಕಿಯಿಂದ ಹಾರಿದರು. ತಂತಿಯಾಗಲಿ, ಗ್ಯಾಸಿನ ಪೈಪಾಗಲಿ, ಹೊಗೆಗೆ ಬೇಕಾದುದು ದಾರಿ ಮಾತ್ರ.

ಕಟ್ಟಡವನ್ನು ಭಾಗ ಮಾಡುವ ಬೆಂಕಿಗೋಡೆ ಎರಡು ತಾಸು ಬೆಂಕಿ ತಡೆಯುವಂತೆ ಕಟ್ಟಿದ್ದರೆ, ಅದರ ತೂತಿನ ಮುಚ್ಚಳವೂ ಎರಡು ತಾಸು ತಡೆಯಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಬೇಡಿಕೆಯೂ ಇದೇ.

"ಹಾಗಾದರೆ ಪೈಪಿನ ಸುತ್ತ ಸಿಮೆಂಟ್ ಬಿಗಿದುಬಿಟ್ಟರಾಯಿತಲ್ಲ?" ಎಂದು ನೀವು ಕೇಳಬಹುದು. ಸಾಲದು. ಪೈಪು ಕಾದರೆ ಬೆಳೆಯುತ್ತದೆ. 3 ಮೀಟರ್ ಉಕ್ಕಿನ ಪೈಪು 100 ಡಿಗ್ರಿ ಹೆಚ್ಚು ಕಾದರೆ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಬಿಗಿದ ಸಿಮೆಂಟ್ ಬಿರಿಯುತ್ತದೆ, ಇಲ್ಲವೆ ಪೈಪಿನ ಜೋಡಣೆಗೆ ಜಗ್ಗು ಬೀಳುತ್ತದೆ. ಆದ್ದರಿಂದ ಗೋಡೆಯ ಪೂರ್ತಿ ದಪ್ಪಕ್ಕೆ ಒಂದು ಕಬ್ಬಿಣದ ತೋಳು, ಅಂದರೆ ದೊಡ್ಡ ಪೈಪಿನ ತುಂಡು, ಕೂರಿಸಬೇಕು. ತೋಳಿಗೂ ಗೋಡೆಗೂ ನಡುವೆ ಸಿಮೆಂಟ್ ಗಾರೆ. ತೋಳಿಗೂ ಗ್ಯಾಸ್ ಪೈಪಿಗೂ ನಡುವೆ ಬೆಂಕಿ ತಡೆಯುವ, ಮೆದುವಾಗಿ ಉಳಿಯುವ ಮಸಾಲೆ. ಅಂಗಡಿಯ ಸಾಧಾರಣ ಫೋಮ್ ಬೇಡ, ಅದು ತಾನೇ ಉರಿಯುತ್ತದೆ. ತೋಳಿನೊಳಗೆ ಪೈಪಿನ ಜೋಡಣೆ ಇರಲೇಬಾರದು. ಅಲ್ಲಿ ಸೋರಿದರೆ ಕಣ್ಣಿಗೂ ಕಾಣದು, ಸ್ಪ್ಯಾನರಿಗೂ ಸಿಗದು.

ಈ ಮಸಾಲೆಗೆ ದುಡ್ಡು ಬೇಕು, ಅರ್ಧ ದಿನದ ಕೂಲಿಯೂ ಬೇಕು. ಗುತ್ತಿಗೆದಾರನ ಹತ್ತಿರ ಈ ಮಾತನ್ನು ಕೆಲಸ ಹಿಡಿಯುವಾಗಲೇ ಎತ್ತಿರಿ. ಎಷ್ಟು ತೂತು, ಮುಚ್ಚುವವರು ಯಾರು, ಸಾಮಾನು ಯಾರದು, ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಮುಚ್ಚಿದ್ದನ್ನು ಇಂಜಿನಿಯರರು ನೋಡುವ ತನಕ ಬಣ್ಣದವನು ಕುಂಚ ಮುಟ್ಟದಿರಲಿ.