ಹದಿನೈದನೇ ಸುತ್ತು

1975ರ ಅಕ್ಟೋಬರ್ 1. ಮನಿಲಾ ಪಕ್ಕದ ಕ್ವೆಜೋನ್ ಸಿಟಿಯಲ್ಲಿ ಹೆವಿವೇಟ್ ಬಾಕ್ಸಿಂಗ್ ಪಂದ್ಯ. ಅಮೆರಿಕದ ವೀಕ್ಷಕರಿಗೆ ಹೊಂದಲೆಂದು ಬೆಳಗ್ಗೆಯೇ ಶುರು. ಬೇಯಿಸುವ ಸೆಕೆ. ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ಹದಿನಾಲ್ಕು ಸುತ್ತು ಬಡಿದಾಡಿದರು.

ಎಲ್ಲರೂ ಅಲಿಯ ಗೆಲುವನ್ನು ನೆನೆಯುತ್ತಾರೆ. ನನ್ನನ್ನು ಕಾಡುವವರು ಫ್ರೇಜಿಯರ್ ತರಬೇತುದಾರ ಎಡ್ಡಿ ಫಚ್. ಶಿಷ್ಯನ ಕಣ್ಣು ಬಾತುಹೋಗಿ, ಬರುವ ಹೊಡೆತವೇ ಕಾಣುತ್ತಿರಲಿಲ್ಲ. ಉಳಿದದ್ದು ಒಂದೇ ಸುತ್ತು, ಮೂರೇ ನಿಮಿಷ. ಫ್ರೇಜಿಯರ್ ಬೇಡವೆಂದರೂ ಫಚ್ ಪಂದ್ಯ ನಿಲ್ಲಿಸಿಬಿಟ್ಟರು. ಅತ್ತ ಗೆದ್ದ ಅಲಿಯೂ ನಿಲ್ಲಲಾರದೆ ಕುಸಿದರು.

ಇನ್ನೊಂದು ಸುತ್ತು ಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಅಭಿಮಾನಿಗಳು ಈಗಲೂ ವಾದಿಸುತ್ತಾರೆ. ನಾನು ಫಚ್ ಪರ. ರಿಂಗಿನಲ್ಲಿ ಬಾಕ್ಸರುಗಳು ಪ್ರಾಣ ಬಿಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಫ್ರೇಜಿಯರ್‌ಗೆ ಮನೆಯಲ್ಲಿ ಮಕ್ಕಳಿದ್ದರು.